ಬಾಯಿತನಕ ತುಂಬಿದ ಕ್ಯಾನು

ಮಂಗಳವಾರ, ಅಕ್ಟೋಬರ್ ೧೪

ಗೈಡ್ ಮೇಡಂಗೆ ಏನಂತ ಹೇಳಲಿ?

ಹಳ್ಳಿಯವರು ದಿನಕ್ಕೆ ಎಷ್ಟು ಉಪ್ಪು ತಿಂತಾರೆ ಅನ್ನೋದೇ ನನ್ನ ಪಿಎಚ್‌ಡಿ. ಅದು ತಿಳೀಬೇಕಾದ್ರೆ ಒಬ್ಬೊಬ್ಬರದೂ ಇಡೀ ದಿನದ ಮೂತ್ರ ಬೇಕು. ಬಿಂಡಿಗನವಿಲೆಯ ದ್ಯಾವಮ್ಮಜ್ಜಿಗೆ ನಿನ್ನೆ ಕೊಟ್ಟಿದ್ದ ಐದು ಲೀಟರ್ ಕ್ಯಾನು ಇವತ್ತು ಬಾಯಿತನಕ ತುಂಬಿತ್ತು.

"ಇಷ್ಟೂ ನಿಮ್ಮದೇನಾ ಅಜ್ಜಿ?"

"ನಂದು ಕಾಲು ಭಾಗನೂ ಆಗ್ನಿಲ್ಲ ಕಣವ್ವ. ಶ್ರೀರಂಗಪಟ್ಣದಿಂದ ಎರಡು ಬಸ್ಸು ಅತ್ಕೊಂಡು ಬತ್ತೀಯ, ಅರ್ಧ ಕ್ಯಾನು ಕೊಟ್ಟು ಕಳಿಸಾಕಾಯ್ತದಾ? ಮಗ, ಸೊಸೆ, ಮೊಮ್ಮಕ್ಳು ಎಲ್ಲಾರ್ಗೂ ಏಳ್ದೆ."

ಅಜ್ಜಿಗೆ ಕಾಣದ ಹಾಗೆ ತಿಪ್ಪೆಗೆ ಚೆಲ್ಲಿ, ನಾಳೆ ನಿಮ್ಮದೊಂದೇ ಸಾಕು ಅಂತ ಆಣೆ ಹಾಕಿಸಿ ಹೊರಟೆ.

ಬಸ್ಸು ಹತ್ತೋ ಹೊತ್ತಿಗೆ, ನನ್ನ ಪಟ್ಟಿಯಲ್ಲೇ ಇಲ್ಲದ ಪಕ್ಕದ ಮನೆಯಾಕೆ ಮುಚ್ಚಿದ ಚೊಂಬು ಹಿಡಿದು ಓಡಿಬಂದಳು: "ಯಾಕವ್ವ, ನಮ್ಮನೇದು ನಿಂಗಾಗಾಕಿಲ್ವಾ?"