ಲಗ್ನದ ವರ್ಷದ ದಾರ

ಸೊಲ್ಲಾಪುರ
೨೯ ಜೂನ್ ೨೦೨೫

ಪ್ರೀತಿಯ ಆಶಿಷನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದ.

ಸೂರತ್ತಿನ ಸೆಕೆ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗುತ್ತಿದೆಯೇ? ನಿನಗೆ ಮರಾಠಿಯೇ ಸಲೀಸೆಂದು ಬಲ್ಲೆ. ಆದರೂ ನಾನೇ ಕೈಹಿಡಿದು ತಿದ್ದಿಸಿದ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ, ಎರಡು ಸಲ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ನಿನ್ನೊಡನೆ ಮಾತನಾಡುವಾಗಲೆಲ್ಲ ನಿನ್ನ ಅಪ್ಪ ಪಕ್ಕಕ್ಕೇ ಬಂದು ಕೂರುತ್ತಾನೆ.

ನಿನ್ನ ಅಪ್ಪ ಧರ್ಮರಾಜನ ದಾರ ನಿನಗೆ ಗೊತ್ತೇ ಇದೆ. ಲಗ್ನದ ವರ್ಷ ಪ್ಯಾಂಟು ಹೊಲಿಸುವಾಗ ಸೊಂಟದ ಅಳತೆಗೆ ಕತ್ತರಿಸಿದ್ದು, ಮೂವತ್ತನಾಲ್ಕು ಇಂಚು. ಪ್ರತಿ ದೀಪಾವಳಿಗೆ ಬಟ್ಟೆಯಂಗಡಿಯ ಡ್ರಾಯರಿನಿಂದ ಅದನ್ನು ತೆಗೆದು, ಗಿರಾಕಿಗಳೆದುರೇ ಸುತ್ತಿಕೊಂಡು, “ನೋಡ್ರಿ, ಇಪ್ಪತ್ತೆಂಟು ವರ್ಷಾತು, ಇನ್ನೂ ಗಂಟು ಬೀಳ್ತದ” ಎಂದು ಮೆರೆಯುತ್ತಾನೆ. “ಬೀಳೂದು ಹೊಟ್ಟಿ ಕೆಳಗ” ಎಂದು ನಿನ್ನ ಅವ್ವ ಚುಚ್ಚುತ್ತಾಳೆ. ಜೀವನವಿಡೀ ವಿಜ್ಞಾನ ಕಲಿಸಿದ ನಾನೂ ಜೊತೆಗೆ ನಗುತ್ತಿದ್ದೆ. ಕಳೆದ ತಿಂಗಳು ಅದೇ ದಾರವನ್ನು ಅವನ ಹೊಕ್ಕುಳ ಮಟ್ಟಕ್ಕೆ ಏರಿಸಿ ಹಿಡಿದೆ. ತುದಿಗಳ ನಡುವೆ ಒಂದು ಗೇಣು ಉಳಿಯಿತು. ಅಂದು ಯಾರೂ ನಗಲಿಲ್ಲ.

ಕರಜಗಿಯ ಮುಕ್ತಾ, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇಲ್ಲಿ ಡಾಕ್ಟರ್. ಅವಳಲ್ಲಿಗೆ ಎಳೆದೊಯ್ದೆ. ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಎಲ್ಲವೂ ಗೆರೆಗಿಂತ ತುಸು ಮೇಲೆ. ಒಳ್ಳೆಯ ಕೊಲೆಸ್ಟ್ರಾಲ್ ತುಸು ಕೆಳಗೆ. “ಎಲ್ಲಾ ಜರಾ ಜರಾ ಹೆಚ್ಚ. ಜರಾದಾಗ ಏನೈತ್ರಿ?” ಎಂದ ನಿನ್ನ ಅಪ್ಪ. ಅವಳ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ: “ಕಾಕಾ, ಬ್ಯಾರೆ ಬ್ಯಾರೆ ನೋಡಿದ್ರ ಯಾವುದೂ ದೊಡ್ಡದಲ್ರಿ. ಹೊಟ್ಟಿ ಹಿಡದು ಐದೂ ಒಂದೇ ಮೈಯಾಗ ಕೂಡ್ಯಾವ, ಅದಕ್ಕ ನನಗ ಅಂಜಿಕಿ.” ಈ ಕೂಟಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರಿದೆ. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ರಕ್ತನಾಳದ ನುಣುಪಾದ ಒಳಪೊರೆ ವರ್ಷಗಟ್ಟಲೆ ಸದ್ದಿಲ್ಲದೆ ಹಾಳಾಗಿ, ಗೋಡೆಯಲ್ಲಿ ಜಿಡ್ಡು ಕೂರುತ್ತದೆ. ನೋಯುವುದಿಲ್ಲ. ಅವನ ಕುತ್ತಿಗೆಯ ನಾಳದ ಸ್ಕ್ಯಾನಿನಲ್ಲಿ ಆ ದಪ್ಪಗಾದ ಗೋಡೆಯನ್ನು ನಾನೇ ಕಂಡೆ.

ಮಾತ್ರೆಗಳ ಪಟ್ಟಿ ಒಡೆಯದೆ ಬಿದ್ದಿದೆ. ಮುಂಜಾನೆ ಅಂಗಡಿಗೆ ನಡೆಯುವಾಗ ಚಪ್ಪಲಿ ಸರಿಮಾಡಿಕೊಳ್ಳಲೆಂದು ಮೂರು ಕಡೆ ನಿಲ್ಲುತ್ತಾನೆ. ಚಪ್ಪಲಿ ಹೊಸದು, ಆಶಿಷ. ಎದೆ ಬಿಗಿದರೆ ಪಿತ್ತವೆಂದು ಸೋಡಾ ಕುಡಿಯುತ್ತಾನೆ. ಇನ್ನು ಹನ್ನೊಂದು ದಿನಕ್ಕೆ ಗುರುಪೂರ್ಣಿಮೆ. ಪ್ರತಿ ವರ್ಷದಂತೆ ಅಕ್ಕಲಕೋಟದ ಸ್ವಾಮಿಗಳ ಮಠಕ್ಕೆ ನಡೆದೇ ಹೋಗುವನಂತೆ, ಸುಮಾರು ನಲವತ್ತು ಕಿಲೋಮೀಟರ್. ಹೃದಯದ ಪರೀಕ್ಷೆಯಾಗದೆ ಕೂಡದು ಎಂದು ಮುಕ್ತಾ ಹೇಳಿದ್ದಾಳೆ. “ಪೂರ್ಣಿಮಿ ಮುಗೀಲಿ” ಎನ್ನುತ್ತಾನೆ. ನನ್ನ ಮಾತು ಅವನಿಗೆ ಪಾಠ. ನಿನ್ನ ಮಾತು ಹಾಗಲ್ಲ. ರಜೆ ಹಾಕಿ ಬಾ. ಈಗಲೂ ಹಿಡಿತಕ್ಕೆ ತರಬಹುದೆಂದು ಮುಕ್ತಾ ಹೇಳುತ್ತಾಳೆ. ನಾನು ಅದನ್ನು ನಂಬಿದ್ದೇನೆ.

ಅವ್ವ ನೆನೆಸುತ್ತಾಳೆ. ನೂರು ವರ್ಷ ಬಾಳು.

ನಿನ್ನ ದೊಡ್ಡಪ್ಪ,
ಪಂಢರಿನಾಥ

ತಾ.ಕ.: ಲಕೋಟೆಯಲ್ಲಿರುವುದು ಅದೇ ದಾರ, ಡ್ರಾಯರಿನಿಂದ ಕೇಳದೆ ತೆಗೆದಿದ್ದೇನೆ. ಹೊರಡುವ ಮುನ್ನ ನಿನ್ನ ಹೊಕ್ಕುಳ ಮಟ್ಟಕ್ಕೆ ಸುತ್ತಿ ನೋಡು, ಹೊಟ್ಟೆ ಒಳಗೆಳೆಯದೆ. ಗೆಳೆಯನ ಮದುವೆಯ ಫೋಟೋ ಕಳಿಸಿದ್ದೆಯಲ್ಲ, ಮನೆಯಲ್ಲಿ ಎಲ್ಲರೂ ನಿನ್ನ ನಗೆ ನೋಡಿದರು. ನಾನು ನೋಡಿದ್ದು ಬೆಲ್ಟು. ಇಪ್ಪತ್ತಾರನೇ ವಯಸ್ಸಿಗೇ ಅದು ನಿನ್ನ ಅಪ್ಪ ಕಟ್ಟುವ ಜಾಗಕ್ಕೆ ಇಳಿದಿದೆ.