ಮುಂದಕ್ಕೆ ಸರಿದ ಸೀಟು

ಮಂಗಳವಾರ,
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕನಿಗೆ ನಿನ್ನ ಗುಬ್ಬಿಯ ನಮಸ್ಕಾರ.

ಕಾಗದ ನೋಡಿ, ಫೋನಿರುವಾಗ ಇದೆಂಥ ಹುಚ್ಚು ಇವಳಿಗೆ ಎಂದು ಬೈದುಕೊಂಡಿರುತ್ತೀಯ. ಫೋನಿನಲ್ಲಿ ನಾನು ನಾಲ್ಕು ಮಾತು ಜೋಡಿಸುವಷ್ಟರಲ್ಲಿ ನೀನು ನಲವತ್ತು ಆಡಿ ಮುಗಿಸಿರುತ್ತೀಯ. ನಾನು ಹೂಂ ಅಂದು ಇಟ್ಟುಬಿಡುತ್ತೇನೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇನ್ನೊಂದು ಮಾತು. ನೀನು ಯಾವ ಕಾಗದವನ್ನಾದರೂ ಕೊನೆಯ ಸಾಲಿನಿಂದ ಓದುವವಳು. ಇದನ್ನು ಮಾತ್ರ ಮೊದಲಿನಿಂದ ಓದು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ಕೂತು ಓದು.

ವಿಷಯ ಕಾರಿನದ್ದು. ನಮ್ಮ ಹೈಬ್ರಿಡ್ ಕಾರಿಗೆ ಈಗ ಆರು ವರ್ಷ. ಅದನ್ನು ಶೋರೂಮಿಗೆ ಕೊಟ್ಟು ಅದೇ ಕಂಪನಿಯ ಹೊಸ ಮಾಡೆಲ್ ತರೋಣ ಎಂದು ಇವರು ಎರಡು ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದಾರೆ. ಕಾರು ಇರುವುದು ನನ್ನ ಹೆಸರಿನಲ್ಲಿ. ನಾನು ಸೈನ್ ಹಾಕದೆ ಹಳೆಯದು ಹೋಗುವುದಿಲ್ಲ, ಹೊಸದು ಬರುವುದಿಲ್ಲ. ಶನಿವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ನನ್ನ ಹೆಸರಿಗೆ ಮಾಡಿಸಿದವಳು ನೀನೇ. ಗಂಡ ದೇವರಂಥವನೇ ಇರಬಹುದು, ಆದರೆ ದೇವರು ಕೇಳಿದರೂ ಕಣ್ಣು ಮುಚ್ಚಿಕೊಂಡು ಸೈನ್ ಹಾಕಬೇಡ ಅಂದಿದ್ದೆ. ಅಂಥ ನೀನು ಹೋದ ವಾರ ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ, ಹಾಕಿಬಿಡೇ ಸುಮ್ನೆ, ಎಷ್ಟು ಕೊರೀತೀಯ ಅಂದೆ. ಯಾಕೆ, ಏನು, ಹಳೆಯದಕ್ಕೆ ಏನಾಗಿದೆ, ಒಂದನ್ನೂ ಕೇಳಲಿಲ್ಲ.

ಹಳೆಯದಕ್ಕೆ ಏನಾಗಿದೆ ಎಂದರೆ, ಏನೂ ಆಗಿಲ್ಲ. ಬ್ಯಾಟರಿ ಹೋಗ್ತಾ ಇದೆ, ಇವತ್ತೋ ನಾಳೆಯೋ ದಾರಿ ಮಧ್ಯದಲ್ಲಿ ಕೈಕೊಡುತ್ತದೆ, ಪೇಷಂಟುಗಳನ್ನು ಕೂರಿಸಿಕೊಂಡು ನಡುರಸ್ತೆಯಲ್ಲಿ ನಿಲ್ಲೋದಾ ಎಂದು ಇವರು ಹೇಳುತ್ತಿದ್ದರು. ಡಯಾಲಿಸಿಸ್‌ಗೆ ಹೋಗುವ ಮೂರು ಜನ ಇವರ ಬಾಡಿಗೆ ಓಡಾಟದ ಕಾಯಂ ಗಿರಾಕಿಗಳೆಂದು ನಿನಗೆ ಗೊತ್ತಲ್ಲ. ನಾನೂ ನಂಬಿದೆ. ಆದರೆ ನಾನು ಹೊಲಿಗೆ ಕೆಲಸ ಮಾಡುವ ಸೀಟ್ ಕವರ್ ಅಂಗಡಿಯ ಪಕ್ಕದ ಗ್ಯಾರೇಜಿನಲ್ಲಿ ಗ್ರೀಸಣ್ಣ ಇದ್ದಾನೆ. ಒಂದು ದಿನ ಇವರು ನನ್ನನ್ನು ಬಿಡಲು ಬಂದು ಚಹಾಕ್ಕೆ ಹೋದಾಗ, ಅಣ್ಣಾ ಸ್ವಲ್ಪ ನೋಡಿ ಅಂದೆ. ಅವನು ಯಂತ್ರ ಚುಚ್ಚಿ ನೋಡಿ ನಕ್ಕ. ಈ ಬ್ಯಾಟರಿ ನನಗಿಂತ ಗಟ್ಟಿಯಾಗಿದೆ ತಂಗಿ, ಇನ್ನು ನಾಲ್ಕು ವರ್ಷ ಮಾತಾಡಿಸಬೇಡ ಅಂದ.

ಅಂದರೆ ಇವರು ಸುಳ್ಳು ಹೇಳಿದ್ದರು. ಹತ್ತು ವರ್ಷದಲ್ಲಿ ನನಗೆ ಸಿಕ್ಕಿಬಿದ್ದ ಮೊದಲನೇ ಸುಳ್ಳು. ಮೊದಲನೆಯದು ಸಿಕ್ಕರೆ ಸಾಕು, ಉಳಿದವು ತಾವೇ ಬಂದು ಸಾಲಾಗಿ ನಿಲ್ಲುತ್ತವೆ.

ಗುರುವಾರಗಳು ಬಂದು ನಿಂತವು. ಮೂರು ತಿಂಗಳಿಂದ ಎರಡು ವಾರಕ್ಕೊಮ್ಮೆ ಗುರುವಾರ ನಾನು ಏಳುವ ಮೊದಲೇ ಇವರು ಹೊರಟಿರುತ್ತಿದ್ದರು. ನಮ್ಮ ಕಾರು ಹೊರಡುವಾಗ ಬ್ಯಾಟರಿಯಲ್ಲೇ ಜಾರುತ್ತದೆ, ಇಂಜಿನ್ ಸದ್ದೇ ಇರುವುದಿಲ್ಲ. ಬೆಕ್ಕು ಅಡುಗೆಮನೆಯಿಂದ ಹೊರಟ ಹಾಗೆ. ಕೇಳಿದರೆ ದೂರದ ಬಾಡಿಗೆ ಅನ್ನುತ್ತಿದ್ದರು. ಯಾರದ್ದು ಎಂದರೆ, ನಿನಗೆ ಗೊತ್ತಿಲ್ಲದವರು ಬಿಡು ಅನ್ನುತ್ತಿದ್ದರು. ಹೊಸ ಮಾಡೆಲ್ ನಿಧಾನಕ್ಕೆ ಹೋಗುವಾಗ ದಾರಿಯಲ್ಲಿರುವವರಿಗೆ ಕೇಳಲಿ ಎಂದು ತಾನೇ ಗುಂಯ್ ಎನ್ನುತ್ತದಂತೆ. ಶೋರೂಮಿನವನು ಇದನ್ನು ಹೇಳಿದಾಗ ನಾನು ಸೈನ್ ಹಾಕಲು ಅರ್ಧ ಮನಸ್ಸು ಮಾಡಿದ್ದು ನಿಜ. ಸದ್ದು ಮಾಡುವ ಕಾರಿದ್ದರೆ ಗಂಡ ಹೊರಟದ್ದಾದರೂ ತಿಳಿಯುತ್ತದಲ್ಲ.

ಆಮೇಲೆ ಡ್ರೈವರ್ ಸೀಟು. ಪ್ರತಿ ಸೋಮವಾರ ಕಾರಿನ ಒಳಗನ್ನು ಒರೆಸುವವಳು ನಾನು. ಸೀಟಿನ ಕೆಳಗಿನ ಹಳಿಯಲ್ಲಿ ಹಲ್ಲುಗಳಿರುತ್ತವೆ. ಹಿಡಿ ಎತ್ತಿ ಸರಿಸಿದರೆ ಟಕ್ ಟಕ್ ಎಂದು ಒಂದೊಂದೇ ಹಲ್ಲಿಗೆ ಕೂರುತ್ತದೆ. ಇವರ ಕಾಲಿನ ಉದ್ದಕ್ಕೆ ಮುಂದಿನಿಂದ ಆರನೇ ಹಲ್ಲು ಬೇಕು. ಇಷ್ಟು ವರ್ಷ ಅದು ಅಲ್ಲಿಂದ ಕದಲಿರಲಿಲ್ಲ. ಮೂರು ತಿಂಗಳ ಹಿಂದೆ ನೋಡುತ್ತೇನೆ, ಮೂರನೇ ಹಲ್ಲಿಗೆ ಬಂದಿದೆ. ಬೆನ್ನಿನ ಭಾಗವೂ ನೆಟ್ಟಗಾಗಿದೆ. ನಾನು ದಿನಾ ಸೀಟುಗಳ ಜೊತೆ ಬದುಕುವವಳು ಅಕ್ಕ. ಯಾವ ಸೀಟಿನಲ್ಲಿ ಎಂಥವರು ಕೂರುತ್ತಾರೆ ಎಂದು ಕವರಿನ ಸುಕ್ಕು ನೋಡಿಯೇ ಹೇಳುತ್ತೇನೆ. ಇದರಲ್ಲಿ ಕೂರುತ್ತಿರುವುದು ಗಿಡ್ಡ ಮನುಷ್ಯ. ಗಿಡ್ಡ ಹೆಂಗಸು ಎಂದು ನಾನು ತಿದ್ದಿಕೊಂಡೆ.

ಇವರನ್ನು ಕೇಳಿದೆ. ಸೀಟು ಯಾಕ್ರೀ ಮುಂದೆ ಬಂದಿದೆ ಅಂದೆ, ಅಷ್ಟೇ. ಯಾರೂ ಕೂತಿಲ್ಲ, ಯಾರು ಕೂರ್ತಾರೆ, ನಾನೇ ಕೂರೋದು ಅಂದರು. ಯಾರು ಕೂತರು ಎಂದು ನಾನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಮೊದಲೆಲ್ಲ ನಾನು ಕಾರಿನಲ್ಲಿ ಪಕ್ಕದಲ್ಲಿ ಕೂತರೆ ಸಿಗ್ನಲ್ಲಿನಲ್ಲಿ ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ಸುಮ್ಮನೆ, ಏನೂ ಹೇಳದೆ. ಅದಕ್ಕೋಸ್ಕರವೇ ನಾನು ಕೆಂಪು ದೀಪ ಬೀಳಲಿ ಎಂದುಕೊಳ್ಳುತ್ತಿದ್ದೆ. ಅದು ನಿಂತುಹೋಗಿತ್ತು. ಒಂದು ದಿನ ಹೊಸ ಕಿವಿಯೋಲೆ ಹಾಕಿಕೊಂಡು ಕೂತೆ. ಅಂಗಡಿಯವರೆಗೂ ಇವರು ಎದುರಿನ ಗಾಜನ್ನೇ ದುರುಗುಟ್ಟಿ ನೋಡಿದರೇ ಹೊರತು ನನ್ನ ಕಡೆ ಕತ್ತು ತಿರುಗಿಸಲಿಲ್ಲ.

ಕೊನೆಗೆ ಚೀಟಿ. ಹದಿನೈದು ದಿನದ ಹಿಂದೆ ಕಾಲ್ಚಾಪೆ ಕೊಡವುವಾಗ ಒಂದು ಪಾರ್ಕಿಂಗ್ ಚೀಟಿ ಬಿತ್ತು. ಗುರುವಾರದ ತಾರೀಖು. ಊರು ನಿಮ್ಮದು.

ಈಗ ಬರೆಯುವುದನ್ನು ಓದಿ ಕಾಗದ ಹರಿದು ಹಾಕಬೇಡ. ಭಾವ ಹೋಗಿ ಮೂರು ವರ್ಷವಾಯಿತು, ನೀನು ಒಬ್ಬಳೇ ಇದ್ದೀಯ. ನಿನಗೆ ಕಾರು ಓಡಿಸಲು ಬರುತ್ತದೆ. ನಮ್ಮಿಬ್ಬರಿಗೂ ಅಮ್ಮ ಕೊಟ್ಟಿದ್ದು ಒಂದೇ ಗಿಡ್ಡ ಎತ್ತರ. ಇವರು ಅಷ್ಟು ಸಲ ನಿಮ್ಮೂರಿಗೆ ಬಂದರೂ ನೀನು ಒಮ್ಮೆಯೂ ನನಗೆ ಹೇಳಲಿಲ್ಲ. ಅದರ ಮೇಲೆ, ಹಾಕಿಬಿಡೇ ಸುಮ್ನೆ ಅಂದೆ. ಇಷ್ಟನ್ನೂ ಒಂದೇ ದಾರದಲ್ಲಿ ಪೋಣಿಸಿ ನಾನು ಏನು ಅಂದುಕೊಂಡೆ ಎಂದು ನೀನೇ ತಿಳಿದುಕೋ. ಬಾಯಿಬಿಟ್ಟು ಬರೆಯಲಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹತ್ತು ದಿನ ನಿನ್ನ ಫೋನ್ ಬಂದಾಗಲೆಲ್ಲ ಏನೋ ನೆಪ ಹೇಳಿ ಬೇಗ ಇಟ್ಟುಬಿಡುತ್ತಿದ್ದೆ. ಅಂಗಡಿಯಲ್ಲಿ ಎರಡು ಕವರುಗಳನ್ನು ಒಳಮೈ ಹೊರಗೆ ಮಾಡಿ ಹೊಲಿದು ಬೈಸಿಕೊಂಡೆ.

ಮೊನ್ನೆ ಭಾನುವಾರ ಶೋರೂಮಿಗೆ ಹೋದೆವು, ಓಡಿಸಿ ನೋಡಲು. ಇವರು ಸ್ಟೇರಿಂಗಿನಲ್ಲಿ, ಟೈ ಕಟ್ಟಿದ ಮಾರಾಟಗಾರ ಪಕ್ಕದಲ್ಲಿ, ನಾನು ಹಿಂದೆ. ನನ್ನ ಕೈಯಲ್ಲಿ ಕಾರಿನ ಬಣ್ಣದ ಪುಸ್ತಕವಿತ್ತು, ಇವರು ಮನೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದುತ್ತಾ ಹೋದೆ. ಲೀಟರಿಗೆ ಎಷ್ಟು ಓಡುತ್ತದೆ ಎಂಬಲ್ಲಿ ಗುರುತಿಲ್ಲ. ಹಾಡಿನ ಪೆಟ್ಟಿಗೆಗೆ ಇಲ್ಲ. ಪಕ್ಕದಿಂದ ಗಾಡಿ ಬಂದರೆ ಕನ್ನಡಿಯಲ್ಲಿ ದೀಪ ಹತ್ತುತ್ತದೆ, ಅಲ್ಲಿ ಗುರುತು. ನಾಲ್ಕೂ ಕಡೆ ಕ್ಯಾಮೆರಾ, ಅಲ್ಲಿ ಗುರುತು. ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ, ಅಲ್ಲಿ ಎರಡು ಗೆರೆ. ಟೈ ಕಟ್ಟಿದವನು ಬಣ್ಣದ ಮಾತಾಡಿದರೆ ಇವರು, ಎಡಗಡೆ ದೀಪ ಎಷ್ಟು ದೂರದಿಂದ ಹತ್ತುತ್ತೆ ಅಂತ ಕೇಳಿದರು. ಅವನು ಚಕ್ರದ ಮಾತಾಡಿದರೆ ಮತ್ತೆ ಎಡಗಡೆಯದನ್ನೇ ಕೇಳಿದರು. ಬಲಗಡೆಯದನ್ನು ಒಮ್ಮೆಯೂ ಕೇಳಲಿಲ್ಲ.

ತರಕಾರಿ ಅಂಗಡಿಗಳ ಸಾಲು ದಾಟುವಾಗ ಎಡಗಡೆಯ ಓಣಿಯಿಂದ ಸೈಕಲ್ಲಿನವನೊಬ್ಬ ಹೊರಬಿದ್ದ. ಹಿಂದೆ ಕೂತ ನನಗೆ ಓಣಿಯ ಬಾಯಲ್ಲೇ ಕಂಡ. ಇವರು ನೋಡುತ್ತಾರೆ ಅಂದುಕೊಂಡೆ. ಇವರ ಕಾಲು ಅಲುಗಲಿಲ್ಲ. ಕಾರೇ ಕಿರ್ ಎಂದು ತಾನಾಗಿ ನಿಂತಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಸೈಕಲ್ಲಿನವನು ಬೈಯುತ್ತಾ ಹೋದ. ಟೈ ಕಟ್ಟಿದವನಿಗೆ ಮಾತ್ರ ಹಬ್ಬವಾಯಿತು. ನೋಡಿದ್ರಾ ಮೇಡಂ, ಸಾರ್ ನೋಡೋಕೆ ಮೊದಲೇ ಅದು ನೋಡಿಬಿಡ್ತು ಅಂದು ಚಪ್ಪಾಳೆ ತಟ್ಟಿದ. ಇವರು ಕನ್ನಡಿಯಲ್ಲಿ ನನ್ನ ಮುಖ ಹುಡುಕುತ್ತಿದ್ದರು.

ನಮ್ಮ ಹಳೆಯ ಕಾರಿನ ಗೀರುಗಳು ನೆನಪಾದವು. ಮೂರು ತಿಂಗಳಲ್ಲಿ ನಾಲ್ಕು ಗೀರು. ನಾಲ್ಕೂ ಎಡಗಡೆ.

ಮನೆಗೆ ಬಂದೆವು. ಇವರು ಮೇಜಿನ ಮುಂದೆ ಕೂತಿದ್ದಾಗ ಎಡಗಡೆ ಹೋಗಿ ನಿಂತು, ಇವರ ಕೆನ್ನೆಯ ಪಕ್ಕದಲ್ಲಿ ಕೈ ಆಡಿಸಿದೆ. ಇವರು ಬಾಗಿಲ ಕಡೆ ತಿರುಗಿ, ಎಲ್ಲಿ ಹೋದ್ಯೇ ಅಂತ ನನ್ನನ್ನು ಕರೆದರು. ನಾನು ಒಂದು ಗೇಣು ದೂರದಲ್ಲಿದ್ದೆ ಅಕ್ಕ.

ಆಮೇಲೆ ಎಲ್ಲವನ್ನೂ ಹೇಳಿದರು. ಕಣ್ಣಿನೊಳಗಿನ ಒತ್ತಡದ ಕಾಯಿಲೆ. ಎಡಗಣ್ಣು ಅಂಚಿನಿಂದ ಕತ್ತಲಾಗುತ್ತಾ ಬಂದಿದೆ. ಹನಿ ಔಷಧಿ ಹಾಕಿದರೆ ಇರುವುದು ಉಳಿಯಬಹುದು, ಹೋದದ್ದು ಬರುವುದಿಲ್ಲ. ಸೀಟು ಮುಂದೆ ಎಳೆದುಕೊಂಡದ್ದು ಗಾಜಿಗೆ ಹತ್ತಿರ ಕೂತರೆ ಚೆನ್ನಾಗಿ ಕಂಡೀತು ಎಂಬ ಆಸೆಗೆ. ಗುರುವಾರ ಹೋಗುತ್ತಿದ್ದದ್ದು ನೀನು ಕೌಂಟರಿನಲ್ಲಿ ಕೂತು ಚೀಟಿ ಬರೆಯುವ ಆ ಕಣ್ಣಾಸ್ಪತ್ರೆಗೆ. ಮೊದಲ ದಿನದ ಚೀಟಿಯನ್ನೂ ನೀನೇ ಬರೆದೆಯಂತೆ. ಅವಳಿಗೆ ಹೇಳಬೇಡಿ, ಅದು ಗುಬ್ಬಿ, ಹೆದರಿ ಸಾಯುತ್ತೆ ಎಂದು ಹೇಳಿದವಳೂ ನೀನೇ ಅಂತೆ.

ನಿನ್ನ ಮೇಲೆ ಅಂಥ ಅನುಮಾನ ಪಟ್ಟದ್ದಕ್ಕೆ ನಿನ್ನ ಕಾಲು ಹಿಡಿಯುತ್ತೇನೆ. ಅದು ನನ್ನ ತಪ್ಪು. ಈಗ ನಿನ್ನ ತಪ್ಪು ಕೇಳು. ಬಾಡಿಗೆಗೆ ಓಡಿಸಬೇಡಿ ಎಂದು ಡಾಕ್ಟರ್ ಹೇಳಿದ್ದು ನಿನಗೆ ಗೊತ್ತಿತ್ತು. ಗೊತ್ತಿದ್ದೂ, ಹೊಸ ಕಾರು ಬಂದರೆ ಅದೇ ನೋಡಿಕೊಳ್ಳುತ್ತೆ, ಕೆಲಸ ಬಿಟ್ಟರೆ ಮನುಷ್ಯ ಕುಗ್ಗಿಹೋಗುತ್ತಾನೆ ಎಂದು ಇವರಿಗೆ ಧೈರ್ಯ ತುಂಬಿದೆ. ಕಾರಿಗೆ ಕಣ್ಣಿದ್ದರೆ ಇವರಿಗೆ ಕಣ್ಣು ಬಂತೇ? ಈ ಮೂರು ತಿಂಗಳು ಇವರ ಹಿಂದಿನ ಸೀಟಿನಲ್ಲಿ ಕೂತಿದ್ದವರು ಯಾರು ಗೊತ್ತಾ? ಆ ಮೂವರಲ್ಲೊಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಡಯಾಲಿಸಿಸ್ ಮುಗಿದ ಮೇಲೆ ಕಾರಿನಲ್ಲೇ ನಿದ್ದೆ ಹೋಗುತ್ತಾರೆ. ನಿನ್ನ ಗಂಡ ಓಡಿಸಿದರೆ ಮಂಚದಲ್ಲಿ ಮಲಗಿದ ಹಾಗಿರುತ್ತಮ್ಮ ಅನ್ನುತ್ತಾರೆ. ಎಡಗಡೆಯಿಂದ ಸೈಕಲ್ ಬದಲು ಲಾರಿ ಬಂದಿದ್ದರೆ ಅವರ ಹೆಂಡತಿಗೆ ನಾನು ಯಾವ ಮುಖ ತೋರಿಸಲಿ? ಇದೇ ನಾನು ಕೇಳಬೇಕಿದ್ದ ಮಾತು. ಇದಕ್ಕೆ ಫೋನಿನಲ್ಲಿ ಉತ್ತರ ಬೇಡ. ಕೂತು ಬರೆ.

ನಾನು ಸೈನ್ ಹಾಕುವುದಿಲ್ಲ. ಇವರಿಗೂ ಹೇಳಿದ್ದೇನೆ. ಎರಡು ದಿನದಿಂದ ಇವರು ಮಾತು ಬಿಟ್ಟಿದ್ದಾರೆ, ಕಾರಿನ ಕೀ ಮೇಜಿನ ಮೇಲೆ ಬಿದ್ದಿದೆ. ಮೇಷ್ಟ್ರಿಗೂ ಉಳಿದಿಬ್ಬರಿಗೂ ಸದ್ಯಕ್ಕೆ ಬೇರೆ ಗಾಡಿ ಗೊತ್ತು ಮಾಡಿದ್ದೇನೆ. ಬೇರೆ ಗಾಡಿ ಅಂದದ್ದಕ್ಕೆ ಮೇಷ್ಟ್ರು, ಯಾಕಮ್ಮ ನಾನೇನು ತಪ್ಪು ಮಾಡಿದೆ ಅಂದರು. ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದಷ್ಟೇ ಹೇಳಿ ಫೋನಿಟ್ಟೆ.

ನಿನ್ನ ಮೇಲೆ ಕೋಪವಿದೆ, ಹೋಗಿಲ್ಲ. ಆದರೂ ಚಳಿಗೆ ಕಿವಿ ಮುಚ್ಚಿಕೊಂಡು ಡ್ಯೂಟಿಗೆ ಹೋಗು.

ಇತಿ,
ನೀನು ಅಂದುಕೊಂಡಷ್ಟು ಸುಲಭಕ್ಕೆ ಹೆದರಿ ಸಾಯದ
ನಿನ್ನ ಗುಬ್ಬಿ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಶನಿವಾರ. ಶೋರೂಮಿನವನು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ, ನಾವು ಎತ್ತಲಿಲ್ಲ. ಎತ್ತಲು ಬಿಡುವಿರಲಿಲ್ಲ. ಕಾರು ತಂದ ಹೊಸದರಲ್ಲಿ ನಾನೂ ಲೈಸೆನ್ಸ್ ಮಾಡಿಸಿ, ಎರಡನೇ ದಿನವೇ ಗೇಟಿಗೆ ಗುದ್ದಿ, ಮತ್ತೆ ಸ್ಟೇರಿಂಗ್ ಮುಟ್ಟದೇ ಇದ್ದದ್ದನ್ನು ಹೇಳಿ ನೀನು ಈಗಲೂ ನಗುತ್ತೀಯಲ್ಲ. ಗುರುವಾರ ಕೀಯನ್ನು ಮೇಜಿನಿಂದ ತೆಗೆದುಕೊಂಡೆ. ಮೂರು ದಿನದಿಂದ ಹಳೆಯ ಸಂತೆ ಮೈದಾನದಲ್ಲಿ ಸುತ್ತುತ್ತಿದ್ದೇವೆ. ಕೈ ಪಳಗಿದ ಮೇಲೆ ಮೇಷ್ಟ್ರನ್ನು ಕೇಳಬೇಕು. ಇವರು ಮಾತು ಶುರು ಮಾಡಿದ್ದಾರೆ, ಬೈಯುವುದಕ್ಕಾದರೂ ಸರಿ. ಕ್ಲಚ್ಚೇ ಇಲ್ಲದ ಗಾಡೀಲಿ ಕ್ಲಚ್ ಹುಡುಕ್ತೀಯಲ್ಲೇ ಅನ್ನುತ್ತಾರೆ. ಸೀಟು ಈಗ ಎರಡನೇ ಹಲ್ಲಿಗೆ ಬಂದಿದೆ. ಇವರು ನನ್ನ ಎಡಗಡೆ ಕೂರುತ್ತಾರೆ. ಅಲ್ಲಿ ಕೂತರೆ ಇವರ ಒಳ್ಳೆಯ ಕಣ್ಣು ನನ್ನ ಕಡೆಗೇ ಇರುತ್ತದೆ ಅಕ್ಕ. ಇವತ್ತು ಮೈದಾನದ ಆಚೆಯ ಸಿಗ್ನಲ್ಲಿನವರೆಗೆ ಹೋಗಿದ್ದೆವು. ಕೆಂಪು ದೀಪ ಬಿತ್ತು. ಈ ಕಿವಿಯೋಲೆ ಯಾವಾಗ ತಗೊಂಡೆ ಅಂತ ಕೇಳಿದರು.