ಓದದೆ ಹಾಕಿದ ಸಹಿ

ಹಾರ್ಪರ್ಸ್ ಬೆಂಡ್, ಒಹಾಯೊ
ನವೆಂಬರ್ 10, 2019, ಭಾನುವಾರ

ವೆಸ್,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಇಂಡಿಯಾನಾದ ನಿನ್ನ ಅಣ್ಣನ ಮನೆಯಲ್ಲಿ ಆರಾಮವಾಗಿದ್ದೀಯೆಂದು ತಿಳಿದಿದ್ದೇನೆ. ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ಜಗಳ ತೆಗೆಯಲು ಫೋನ್ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಹೌದು, ಜಗಳಕ್ಕೇ.

ಒಂದನೇ ತಾರೀಕು ಫುಟ್‌ಬಾಲ್ ಪಂದ್ಯ ನೋಡಲು ಊರಿಗೆ ಬಂದವನು ಶಾಲೆಯ ಕಚೇರಿಯಲ್ಲಿ ನಿಂತ ನಿಲುವಿನಲ್ಲೇ ಸಹಿ ಹಾಕಿ ಹೋದೆಯಲ್ಲ, ಆ ಕಾಗದದಲ್ಲಿ ಏನಿತ್ತು ಗೊತ್ತೇ? ನಿನ್ನ ಮಗಳನ್ನು ಹತ್ತು ದಿನ ಶಾಲೆಯಿಂದ ಹೊರಗಿಡಲಾಗಿದೆ, ಅವಳ ಮಾತು ಕೇಳುವ ಅಗತ್ಯವಿಲ್ಲ, ವಿಚಾರಣೆಯ ಹಕ್ಕನ್ನು ಪೋಷಕರೇ ಬಿಟ್ಟುಕೊಟ್ಟಿದ್ದಾರೆ ಎಂದಿತ್ತು. ಪೇಂಟ್ ಡಬ್ಬಿ ಕೊಂಡರೆ ಅದರ ಹಿಂಬದಿಯ ಅಕ್ಷರವನ್ನೆಲ್ಲ ಓದುವ ಮನುಷ್ಯ ನೀನು! ಪ್ರಿನ್ಸಿಪಾಲ್ ಪಿಕೆಟ್ ನಿನ್ನ ಹೆಗಲ ಮೇಲೆ ಕೈಹಾಕಿ, "ಏನೋ ನಲವತ್ನಾಲ್ಕು, ಇನ್ನೂ ಓಡೋಕಾಗತ್ತೇನೋ ನಿನ್ನ ಕೈಲಿ?" ಎಂದ ಕೂಡಲೇ ಕರಗಿಹೋದೆ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಶಾಲೆಯ ತಂಡದಲ್ಲಿ ತೊಟ್ಟ ಜೆರ್ಸಿಯ ನಂಬರಿಗೆ ಮಗಳನ್ನು ಬಿಟ್ಟುಕೊಟ್ಟೆ.

ನಮ್ಮ ಕೊರಿನ್ ಏನು ಮಾಡಿದಳೆಂದು ನೀನು ಕೇಳಲೇ ಇಲ್ಲ, ನಾನೇ ಹೇಳುತ್ತೇನೆ. ಈ ವರ್ಷದಿಂದ ಪಾಠದ ನಡುವೆ ಶೌಚಾಲಯಕ್ಕೆ ಹೋಗಲು ಒಬ್ಬೊಬ್ಬರಿಗೆ ಅರ್ಧ ವರ್ಷಕ್ಕೆ ಆರು ಹಳದಿ ಚೀಟಿ. ಉಳಿಸಿದ ಪ್ರತಿ ಚೀಟಿಗೆ ಎರಡು ಅಂಕ ಹೆಚ್ಚು. ಅವನ್ನು ಮುದ್ರಿಸಿ ಕತ್ತರಿಸಿದವಳು ಆ ಕಚೇರಿಯ ಗುಮಾಸ್ತೆಯಾದ ನಾನೇ. ಹುಡುಗರಿಗೆ ಅದು ಸುಮ್ಮನೆ ಸಿಗುವ ಅಂಕ. ಕೊರಿನ್‌ಗೆ ತಿಂಗಳ ದಿನಗಳಲ್ಲಿ ಎಷ್ಟು ರಕ್ತ ಹೋಗುತ್ತದೆಂದು ನಿನಗೂ ಗೊತ್ತು. ಸೆಪ್ಟೆಂಬರ್ ಮುಗಿಯುವುದರೊಳಗೆ ಅವಳ ಆರೂ ಚೀಟಿ ಮುಗಿದಿದ್ದವು. ಅಕ್ಟೋಬರಿನಲ್ಲಿ ರಸಾಯನಶಾಸ್ತ್ರದ ತರಗತಿಯಲ್ಲಿ ಎರಡು ಸಲ ಕೇಳಿದಳು, ಬಿಡಲಿಲ್ಲ. ಸೊಂಟಕ್ಕೆ ಜಾಕೆಟ್ ಕಟ್ಟಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಳು. ಅಳಲಿಲ್ಲ. ಅವಳು ಕುಳಿತಿದ್ದ ಕುರ್ಚಿಯನ್ನು ನಾನೇ ಹೋಗಿ ಒರೆಸಿದೆ, ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಿದ್ದರು.

ಅವಳು ಗಲಾಟೆ ಮಾಡಲಿಲ್ಲ. ಊಟದ ಬಿಡುವಿನಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಮಕ್ಕಳನ್ನು ಕೇಳಿದಳು. ಉಳಿದ ಚೀಟಿಯ ಹಿಂದೆ 'ಈ ನಿಯಮ ನಮಗೆ ಬೇಡ' ಎಂದು ಬರೆದು ಹೆಸರು ಹಾಕಿ ಕೊಟ್ಟವರು ನೂರ ನಲವತ್ತು ಮಂದಿ. ಎರಡು ಅಂಕ ಬಿಟ್ಟು ಕೊಟ್ಟಿದ್ದಾರೆ ವೆಸ್, ಅದರಲ್ಲಿ ಹುಡುಗರೂ ಇದ್ದಾರೆ. ಚೀಟಿಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಪಿಕೆಟ್‌ನ ಮೇಜಿನ ಮೇಲಿಟ್ಟು, ನಮಸ್ಕಾರ ಹೇಳಿ ಬಂದಳು. ಅದಕ್ಕೆ ಅವನು ಇಟ್ಟ ಹೆಸರು, ಶಾಲೆಯ ಕಾಗದಪತ್ರಗಳ ದುರುಪಯೋಗ ಮತ್ತು ಅಶಾಂತಿ.

ಅದೇ ವಾರ ಪೌರನೀತಿಯ ಪರೀಕ್ಷೆಯಲ್ಲಿ, ಸಂವಿಧಾನ ಪ್ರಜೆಗೆ ಕೊಟ್ಟ ಹಕ್ಕುಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿದೆ. ಉತ್ತರ ಪತ್ರಿಕೆಯನ್ನು ಫ್ರಿಜ್ಜಿನ ಬಾಗಿಲಿಗೆ ತಾನೇ ಅಂಟಿಸಿದಳು. "ಪರೀಕ್ಷೇಲಿ ಬರೆದ್ರೆ ಅಂಕ ಕೊಡ್ತಾರೆ, ನಿಜವಾಗಿ ಕೇಳಿದ್ರೆ ಆಚೆ ಹಾಕ್ತಾರೆ. ಅಮ್ಮಾ, ನನ್ನ ಮಾತು ಒಂದ್ಸಲ ಕೇಳಿ ಆಮೇಲೆ ಶಿಕ್ಷೆ ಕೊಟ್ಟಿದ್ರೆ ಸಾಕಿತ್ತು" ಎಂದಳು. ಈ ಶಿಕ್ಷೆ ದಾಖಲೆಯಲ್ಲಿ ಉಳಿದರೆ ವಸಂತದಲ್ಲಿ ಅವಳಿಗೆ ನರ್ಸಿಂಗ್ ತರಗತಿಯ ಸೀಟು ಸಿಗುವುದಿಲ್ಲ. ಅವಳು ಒಂಬತ್ತನೇ ವಯಸ್ಸಿನಿಂದ ಬೇರೇನನ್ನೂ ಕೇಳಿದವಳಲ್ಲ.

ಗುರುವಾರ ಸಂಜೆ ಆರಕ್ಕೆ ಶಾಲಾ ಮಂಡಳಿಯ ಸಭೆ. ಸಹಿ ಹಾಕಿದವರೇ ಬಂದು ಅದನ್ನು ವಾಪಸ್ ಪಡೆದರೆ ವಿಚಾರಣೆ ನಡೆಸಲೇಬೇಕು, ನಿಯಮ ಓದಿದ್ದೇನೆ. ಬೇರೆ ಕಾಗದವೇನೂ ಬೇಡ, ನೀನು ಬಂದರೆ ಸಾಕು. ಓದದೆ ಸಹಿ ಹಾಕಿದೆ ಎಂದು ಎಲ್ಲರ ಮುಂದೆ ಹೇಳು. ನಾಚಿಕೆಯಾಗುತ್ತದೆ, ಆಗಲಿ. ಅವಳಿಗೆ ಆ ತರಗತಿಯಲ್ಲಿ ಆದದ್ದಕ್ಕಿಂತ ಹೆಚ್ಚಲ್ಲ.

ಇನ್ನೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ,
ರೋಂಡಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಆ ಕಾಗದದ ಕೊನೆಯಲ್ಲಿ, 'ವಿಚಾರಣೆಯ ಹಕ್ಕನ್ನು ಪೋಷಕರಿಗೆ ಓದಿ ಹೇಳಲಾಗಿದೆ' ಎಂಬ ಸಾಲಿನ ಪಕ್ಕದಲ್ಲಿರುವುದು ನನ್ನ ರುಜು. ಓದಿ ಹೇಳುವುದು ನನ್ನ ಕೆಲಸ. ಮುಂದಿನ ವರ್ಷ ಕಚೇರಿಗೆ ಇಬ್ಬರು ಗುಮಾಸ್ತೆಯರು ಬೇಡ, ಒಬ್ಬರೇ ಸಾಕಾಗಬಹುದು ಎಂದು ಪಿಕೆಟ್ ಅಂದು ಬೆಳಿಗ್ಗೆ ನನಗೆ ಹೇಳಿದ್ದ. ನೀನು ಪೆನ್ನು ಕೇಳಿದೆ, ನಾನು ಓದಿ ಹೇಳದೆ ಕೊಟ್ಟೆ. ಕೊರಿನ್‌ಗೆ ಇದು ತಿಳಿಯದು. ಗುರುವಾರ ಅವಳ ಎದುರಿಗೇ ಎದ್ದು ಹೇಳುತ್ತೇನೆ. ಅದಾದ ಮೇಲೆ ಅವಳು ನನ್ನ ಪಕ್ಕದಲ್ಲಿ ಕೂರುವುದಿಲ್ಲ. ನೀನು ಬಾ.